ಹಸಿರು ಪರದೆಯ ಹಿಂದಿನ ಲೆಕ್ಕ

ಕಪ್ಪು ಹಿನ್ನೆಲೆ, ಅದರ ಮೇಲೆ ಹಸಿರು ಅಕ್ಷರಗಳು. ಒಟ್ಟು 24 ಸಾಲು. ಸಾಲಿಗೆ 80 ಅಕ್ಷರ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಚಿತ್ರಗಳಿಲ್ಲ, ಮೌಸ್‌ಗೆ ಕೆಲಸವಿಲ್ಲ. ವಿಮಾ ಕಚೇರಿ, ಉಗ್ರಾಣ, ಆಸ್ಪತ್ರೆ, ಸಗಟು ವ್ಯಾಪಾರದ ಮಳಿಗೆಗಳಲ್ಲಿ ದಶಕಗಳ ಕಾಲ ಗುಮಾಸ್ತರು ಎದುರಿಗಿಟ್ಟುಕೊಂಡು ದುಡಿದ ಕಂಪ್ಯೂಟರ್ ಪರದೆಯ ರೂಪ ಇದು. ಇಂದಿನ ವಿದ್ಯಾರ್ಥಿಗೆ ಇದು ವಸ್ತುಸಂಗ್ರಹಾಲಯದ ಸರಕಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಎಷ್ಟೋ ಸಂಸ್ಥೆಗಳ ಬಣ್ಣಬಣ್ಣದ ಜಾಲಪುಟಗಳ ಹಿಂದೆ ಕುಳಿತು ಇಂದಿಗೂ ಲೆಕ್ಕ ಹಾಕುತ್ತಿರುವುದು ಇದೇ ವಂಶದ ಯಂತ್ರ. ಆ ಹಳೆಯ ಲೆಕ್ಕಿಗನಿಗೂ ಹೊಸ ಜಾಲಕ್ಕೂ ನೆಂಟಸ್ತಿಕೆ ಕುದುರಿದ ಬಗೆಯನ್ನು ಇಲ್ಲಿ ನೋಡೋಣ.

ಮೊದಲು ಆ 80ರ ಕಥೆ. 1928ರಲ್ಲಿ ಐಬಿಎಂ ಸಂಸ್ಥೆ 80 ಕಂಬಸಾಲುಗಳ ರಂಧ್ರಪತ್ರವನ್ನು ಬಳಕೆಗೆ ತಂದಿತು. ರಟ್ಟಿನ ಈ ಹಾಳೆಯ ಒಂದೊಂದು ಕಂಬಸಾಲಿನಲ್ಲಿ ಕೊರೆದ ತೂತುಗಳು ಒಂದೊಂದು ಅಕ್ಷರವನ್ನೋ ಅಂಕಿಯನ್ನೋ ಸೂಚಿಸುತ್ತಿದ್ದವು. ಕಾಲಾಂತರದಲ್ಲಿ ರಟ್ಟು ಹೋಯಿತು, ಪರದೆ ಬಂತು; 80 ಮಾತ್ರ ಹಾಗೆಯೇ ಉಳಿಯಿತು. ಭಾಷೆಯೂ ಹೀಗೆಯೇ ಉಳಿಯಿತು. 1959ರಲ್ಲಿ ಐಬಿಎಂ ಘೋಷಿಸಿದ 1401 ಎಂಬ ಗಣಕ ವ್ಯಾಪಾರದ ಕಚೇರಿಗಳಲ್ಲಿ ಬಹಳ ಜನಪ್ರಿಯವಾಯಿತು. ರಂಧ್ರಪತ್ರದ ಎಣಿಕೆ ಯಂತ್ರಗಳಲ್ಲಿ ಪಳಗಿದವರು ಗಣಕಕ್ಕೆ ಸುಲಭವಾಗಿ ಹೊರಳಲಿ ಎಂದು ಅದಕ್ಕಾಗಿ ರೂಪಿಸಿದ ಭಾಷೆಯೇ ಆರ್‌ಪಿಜಿ. ಹೆಸರಿನ ಅರ್ಥ ವರದಿ ತಯಾರಿಸುವ ಸಾಧನ ಎಂದು. ಒಂದು ಪತ್ರ ಓದು, ಲೆಕ್ಕ ಮಾಡು, ಅಚ್ಚು ಹಾಕು, ಮುಂದಿನ ಪತ್ರ ಓದು: ಇದು ಅದರ ಸಹಜ ಉಸಿರಾಟ. ಯಾವ ಮಾತನ್ನು ಯಾವ ಕಂಬಸಾಲಿನಲ್ಲಿ ಬರೆಯಬೇಕೆಂಬುದೂ ನಿಗದಿ. ಆರನೆಯ ಸ್ಥಾನದಲ್ಲಿ ಇರುವ ಅಕ್ಷರವೇ ಆ ಸಾಲಿನ ಜಾತಿಯನ್ನು ಹೇಳುತ್ತಿತ್ತು. ಒಂದು ಸ್ಥಾನ ಆಚೀಚೆಯಾದರೆ ಯಂತ್ರ ಒಪ್ಪುತ್ತಿರಲಿಲ್ಲ.

ಈ ಭಾಷೆಗೆ ತವರುಮನೆಯಂತಾದದ್ದು ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ನಗರದಲ್ಲಿದ್ದ ಐಬಿಎಂ ಪ್ರಯೋಗಾಲಯ. ಅಲ್ಲಿಂದ 1969ರಲ್ಲಿ ಸಿಸ್ಟಮ್/3, 1978ರಲ್ಲಿ ಸಿಸ್ಟಮ್/38, ಕಡೆಗೆ 1988ರ ಜೂನ್ 21ರಂದು ಎಎಸ್/400 ಹೊರಬಂದವು. ಇವುಗಳಲ್ಲಿ ಸಿಸ್ಟಮ್/38 ಮತ್ತು ಎಎಸ್/400ರ ಹಿಂದಿನ ಪ್ರಮುಖ ಶಿಲ್ಪಿ ಫ್ರಾಂಕ್ ಸಾಲ್ಟಿಸ್. ಸಿಸ್ಟಮ್/38ರಲ್ಲಿ ಎರಡು ದೂರದೃಷ್ಟಿಯ ವಿಚಾರಗಳಿದ್ದವು. ದತ್ತಾಂಶಗಳ ಭಂಡಾರವನ್ನು ಆಮೇಲೆ ಕೊಂಡು ಜೋಡಿಸಬೇಕಿರಲಿಲ್ಲ, ಅದು ಯಂತ್ರದ ಒಡಲಲ್ಲೇ ಇತ್ತು. ಇನ್ನೊಂದು ಇನ್ನೂ ಮುಖ್ಯವಾದದ್ದು. ಪ್ರೋಗ್ರಾಮುಗಳು ನೇರವಾಗಿ ಯಂತ್ರಾಂಶದ ಜೊತೆ ಮಾತಾಡದೆ, ನಡುವೆ ಇದ್ದ ಒಂದು ಪದರದ ಜೊತೆ ಮಾತಾಡುತ್ತಿದ್ದವು. ಕೆಳಗಿನ ಯಂತ್ರ ಬದಲಾದರೂ ಮೇಲಿನ ಪ್ರೋಗ್ರಾಮಿಗೆ ಅದರ ಅರಿವೇ ಆಗಬಾರದು ಎಂಬುದು ಉದ್ದೇಶ.

ಈ ಮಾತಿನ ಪರೀಕ್ಷೆ ನಡೆದದ್ದು 1995ರಲ್ಲಿ. ಆ ವರ್ಷ ಎಎಸ್/400ರ ಸಂಸ್ಕಾರಕವನ್ನೇ ಬದಲಿಸಿ, 48 ಬಿಟ್‌ನ ಹಳೆಯ ವಿನ್ಯಾಸದಿಂದ ಪವರ್‌ಪಿಸಿ ಕುಲದ 64 ಬಿಟ್ ವಿನ್ಯಾಸಕ್ಕೆ ಒಯ್ದರು. ಬೇರೆ ಯಂತ್ರಗಳಲ್ಲಾಗಿದ್ದರೆ ಪ್ರತಿಯೊಂದು ಪ್ರೋಗ್ರಾಮನ್ನೂ ಮತ್ತೆ ಸಿದ್ಧಪಡಿಸಬೇಕಾಗುತ್ತಿತ್ತು. ಇಲ್ಲಿ ಬಹುಪಾಲು ಪ್ರೋಗ್ರಾಮುಗಳನ್ನು ಯಂತ್ರವೇ ಹೊಸ ರೂಪಕ್ಕೆ ಅನುವಾದಿಸಿಕೊಂಡಿತು. 1980ರ ಸುಮಾರಿಗೆ ಬರೆದ ಸಂಬಳದ ಲೆಕ್ಕ 1996ರಲ್ಲಿಯೂ ಅದೇ ಉತ್ತರ ಕೊಟ್ಟಿತು. ಗಣಕ ವಿಜ್ಞಾನದ ಪಠ್ಯಪುಸ್ತಕಗಳು ಈ ಸಾಧನೆಯನ್ನು ಇನ್ನೂ ಸ್ವಲ್ಪ ಹೆಚ್ಚು ಗೌರವದಿಂದ ಕಾಣಬಹುದಿತ್ತು ಎಂದು ನನಗೆ ಅನಿಸುತ್ತದೆ. ಆದರೆ ಇದರಿಂದ ಒಂದು ವಿಚಿತ್ರ ಫಲವೂ ಉಂಟಾಯಿತು. ಹಳೆಯದು ಕೆಡದೆ ನಡೆಯುತ್ತಿದ್ದುದರಿಂದ ಅದನ್ನು ತೆರೆದು ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಅದೇ 1995ರಲ್ಲಿ ಬೇರೆ ಎರಡು ಘಟನೆಗಳು ನಡೆದವು. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಕಟ್ಟಿದರು. ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಜಾಲಪುಟಕ್ಕೆಂದು ಮಾಡಿಕೊಂಡಿದ್ದ ಪಿಎಚ್‌ಪಿ ಎಂಬ ಉಪಕರಣಗಳನ್ನು ಎಲ್ಲರಿಗೂ ಹಂಚಿದರು. ಇವು ಸ್ಕ್ರಿಪ್ಟ್ ಭಾಷೆಗಳು: ಹಗುರ, ಬೇಗ ಬರೆಯಬಹುದು, ಬೇಗ ತಿದ್ದಬಹುದು. ಕೆಲವೇ ವರ್ಷಗಳಲ್ಲಿ ಗ್ರಾಹಕರೆಲ್ಲ ಜಾಲದ ಮೂಲಕವೇ ಬೇಡಿಕೆ ಸಲ್ಲಿಸುವ ಕಾಲ ಬಂತು. ಹಸಿರು ಪರದೆಯ ಒಡೆಯರಿಗೆ ದಿಗಿಲಾಯಿತು.

ಮೊದಲ ಮದ್ದು ಸುಣ್ಣ ಬಳಿಯುವುದು. 24 ಸಾಲಿನ ಪರದೆಯನ್ನೇ ಒಂದು ತಂತ್ರಾಂಶ ಓದಿ, ಅದಕ್ಕೆ ಬಣ್ಣ, ಗುಂಡಿಗಳನ್ನು ಜೋಡಿಸಿ ಜಾಲಪುಟವಾಗಿ ತೋರಿಸುತ್ತಿತ್ತು. ನೋಟ ಬದಲಾಯಿತು, ನಡಿಗೆ ಬದಲಾಗಲಿಲ್ಲ. ಎರಡನೆಯದು ಜಾವಾ, 1998ರಲ್ಲಿ ಅದು ಎಎಸ್/400ರೊಳಕ್ಕೆ ಬಂತು. ಶಕ್ತಿವಂತ ಭಾಷೆಯೇ. ಆದರೆ ಇಪ್ಪತ್ತು ವರ್ಷ ಆರ್‌ಪಿಜಿ ಬರೆದವರಿಗೆ ಅದರ ಯೋಚನಾ ವಿಧಾನವೇ ಬೇರೆಯಾಗಿ, ಕಲಿಕೆ ಭಾರವಾಯಿತು. 2006ರಲ್ಲಿ ಐಬಿಎಂ ಮತ್ತು ಜೆಂಡ್ ಸಂಸ್ಥೆಗಳು ಸೇರಿ ಪಿಎಚ್‌ಪಿಯನ್ನು ಈ ಯಂತ್ರಕ್ಕೆ ತಂದಾಗ ಗಾಳಿ ತಿರುಗಿತು. ಪಿಎಚ್‌ಪಿಯನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆಯಬಹುದು, ಓದಬಹುದು. ಆರ್‌ಪಿಜಿ ಕೈಗಳಿಗೆ ಅದು ಪರಕೀಯವೆನಿಸಲಿಲ್ಲ. 2008ರಲ್ಲಿ ಈ ಯಂತ್ರದ ಕಾರ್ಯಾಚರಣ ವ್ಯವಸ್ಥೆಗೆ ಐಬಿಎಂ ಐ ಎಂಬ ಹೆಸರಾಯಿತು. ಹಳಬರ ಬಾಯಲ್ಲಿ ಮಾತ್ರ ಅದು ಎಎಸ್/400 ಆಗಿಯೇ ಉಳಿದಿದೆ.

ಭಾಷೆ ಬಂದ ಮಾತ್ರಕ್ಕೆ ನೆಂಟಸ್ತಿಕೆ ಕುದುರಲಿಲ್ಲ. ಮೊದಲ ತೊಡಕು ಅಕ್ಷರಮಾಲೆಯದೇ. ಲೋಕದ ಬಹುತೇಕ ಗಣಕಗಳು ಬಳಸುವ ಆಸ್ಕಿ ಸಂಕೇತದಲ್ಲಿ ಇಂಗ್ಲಿಷಿನ ‘ಎ’ ಅಕ್ಷರದ ಸಂಖ್ಯೆ 65. ಐಬಿಎಂನ ಎಬ್‌ಸಿಡಿಕ್ ಸಂಕೇತದಲ್ಲಿ ಅದು 193. ಇನ್ನೂ ವಿಚಿತ್ರವೆಂದರೆ ಎಬ್‌ಸಿಡಿಕ್‌ನಲ್ಲಿ ‘ಐ’ಗೆ 201, ಅದರ ಪಕ್ಕದ ‘ಜೆ’ಗೆ 209. ನಡುವೆ ಏಳು ಮನೆ ಬಿಟ್ಟು ಕುಳಿತಿವೆ! ಇದಕ್ಕೆ ಕಾರಣ ಮತ್ತೆ ರಂಧ್ರಪತ್ರವೇ. ಅಲ್ಲಿ ಅಕ್ಷರಗಳನ್ನು ಒಂಬತ್ತೊಂಬತ್ತರ ಗುಂಪುಗಳಾಗಿ ಒಡೆದಿದ್ದರು. ಆಸ್ಕಿಯಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. ಎಬ್‌ಸಿಡಿಕ್‌ನಲ್ಲಿ ಇದು ತಿರುವುಮುರುವು. ಹೀಗಾಗಿ ಒಂದೇ ಬಿಡಿಭಾಗಗಳ ಪಟ್ಟಿ ಹಸಿರು ಪರದೆಯ ಮೇಲೆ ಒಂದು ಕ್ರಮದಲ್ಲಿಯೂ ಜಾಲಪುಟದಲ್ಲಿ ಇನ್ನೊಂದು ಕ್ರಮದಲ್ಲಿಯೂ ಕಾಣಿಸಬಹುದು.

ಎರಡನೆಯ ತೊಡಕು ಹಣದ್ದು. ವ್ಯಾಪಾರದ ಯಂತ್ರ ಹಣವನ್ನು ದಶಮಾಂಶ ಪದ್ಧತಿಯಲ್ಲೇ ಇಡುತ್ತದೆ. ಒಂದು ಬೈಟಿಗೆ ಎರಡಂಕಿ, ಕೊನೆಯಲ್ಲಿ ಕೂಡು ಅಥವಾ ಕಳೆ ಚಿಹ್ನೆ. ಏಳು ಅಂಕಿಗಳ ಮೊತ್ತ ನಾಲ್ಕು ಬೈಟುಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಒಂದು ಪೈಸೆಯೂ ಆಚೀಚೆಯಾಗುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು ದ್ವಿಮಾನ ಪದ್ಧತಿಯವು. ಅದರಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ. ಬರುವ ಉತ್ತರ 0.3 ಅಲ್ಲ, 0.30000000000000004. ಪುಟದ ಬಣ್ಣ ನಿರ್ಧರಿಸಲು ಇದರಿಂದ ತೊಂದರೆಯಿಲ್ಲ. ಬಡ್ಡಿ ಲೆಕ್ಕಕ್ಕೆ ಇದನ್ನು ನಂಬುವಂತಿಲ್ಲ.

ಮೂರನೆಯದು ಕಾಯುವಿಕೆ. ಇದೇ ಎಲ್ಲಕ್ಕಿಂತ ಆಳದ ತೊಡಕು. ಹಸಿರು ಪರದೆಯ ಪ್ರೋಗ್ರಾಮು ಒಂದು ನಮೂನೆಯನ್ನು ತೋರಿಸಿ, ಗುಮಾಸ್ತ ಎಂಟರ್ ಒತ್ತುವವರೆಗೆ ಅಲ್ಲೇ ಕಾದು ನಿಲ್ಲುತ್ತದೆ. ತಿದ್ದಲೆಂದು ತೆಗೆದ ದಾಖಲೆಗೆ ಅಷ್ಟು ಹೊತ್ತೂ ಬೀಗ. ಬೇರೆ ಯಾರೂ ಅದನ್ನು ತಿದ್ದುವಂತಿಲ್ಲ. ಗುಮಾಸ್ತ ಊಟಕ್ಕೆ ಎದ್ದುಹೋದರೆ ಪಕ್ಕದ ಮೇಜಿನವರು ಕೂಗಿ ಕರೆಯುತ್ತಿದ್ದರು, ಅಷ್ಟೇ. ಜಾಲಕ್ಕೆ ಇಂಥ ನೆನಪಿಲ್ಲ. ಪುಟವನ್ನು ಕಳುಹಿಸಿದ ಮರುಕ್ಷಣ ಅದು ಬಳಕೆದಾರನನ್ನು ಮರೆತುಬಿಡುತ್ತದೆ. ಅವನು ಮರಳಿ ಬರಬಹುದು, ಬಾರದೆಯೂ ಇರಬಹುದು, ಕಂಪ್ಯೂಟರನ್ನೇ ಆರಿಸಿ ಮಲಗಿರಬಹುದು. ಹಾಗಾದರೆ ಬೀಗದ ಕೈ ಯಾರ ಬಳಿ ಇರಬೇಕು? ಹಳೆಯ ಪ್ರೋಗ್ರಾಮಿಗೆ ಈ ಪ್ರಶ್ನೆಯೇ ಎದುರಾಗಿರಲಿಲ್ಲ.

ಉತ್ತರ ದೊರೆತದ್ದು ಫ್ರೇಮ್‌ವರ್ಕ್‌ಗಳ ಮೂಲಕ. ಫ್ರೇಮ್‌ವರ್ಕ್ ಎಂದರೆ ಸಿದ್ಧ ಚೌಕಟ್ಟು. ಎಲ್ಲ ಜಾಲತಾಣಗಳಿಗೂ ಬೇಕಾಗುವ ಕಂಬ, ತೊಲೆಗಳನ್ನು ಮೊದಲೇ ನಿಲ್ಲಿಸಿಕೊಡುವ ತಂತ್ರಾಂಶ. ರೂಬಿ ಆನ್ ರೈಲ್ಸ್ 2004ರಲ್ಲಿ ಬಂತು, ಪಿಎಚ್‌ಪಿಗೆ ಜೆಂಡ್ ಫ್ರೇಮ್‌ವರ್ಕ್‌ನ ಮೊದಲ ಪೂರ್ಣ ಆವೃತ್ತಿ 2007ರಲ್ಲಿ. ಇವುಗಳ ಮೂಲತತ್ತ್ವ ಹಳೆಯದೇ: ನಾರ್ವೆಯ ಟ್ರಿಗ್ವೆ ರೀನ್‌ಸ್ಕೌ 1979ರಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ಸೂಚಿಸಿದ ವಿಂಗಡಣೆ. ದತ್ತಾಂಶ ಮತ್ತು ಅದರ ನಿಯಮಗಳು ಒಂದು ಕಡೆ, ಕಣ್ಣಿಗೆ ಕಾಣುವ ಪುಟ ಇನ್ನೊಂದು ಕಡೆ, ಇವೆರಡರ ನಡುವೆ ಓಡಾಡುವ ನಿಯಂತ್ರಕ ಮತ್ತೊಂದು ಕಡೆ.

ಹಳೆಯ ಆರ್‌ಪಿಜಿ ಪ್ರೋಗ್ರಾಮಿನಲ್ಲಿ ಈ ಮೂರೂ ಹಗ್ಗದ ಎಳೆಗಳಂತೆ ಹೊಸೆದುಕೊಂಡಿದ್ದವು. ಬಿಡಿಸಲು ಕುಳಿತಾಗಲೇ ನಿಜವಾದ ಆಸ್ತಿ ಎಲ್ಲಿದೆಯೆಂದು ತಿಳಿದದ್ದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಯಾವುದೋ ಒಂದು ವರ್ಷ ಪ್ರವಾಹ ಬಂತೆಂದು ಆ ಪ್ರದೇಶದ ಗಿರಾಕಿಗಳಿಗೆ ಹಣ ಕಟ್ಟಲು ಹದಿನೈದು ದಿನ ಹೆಚ್ಚಿಗೆ ಕೊಡುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಸೇರಿಸಿರುತ್ತಾರೆ. ಆದೇಶದ ಕಾಗದ ಕಳೆದುಹೋಗಿದೆ, ಸೇರಿಸಿದವರು ನಿವೃತ್ತರಾಗಿದ್ದಾರೆ. ಸಂಸ್ಥೆಯ ಆ ನಿಯಮ ಲೋಕದಲ್ಲಿ ಉಳಿದಿರುವುದು ಆ ಒಂದು ಸಾಲಿನಲ್ಲಿ ಮಾತ್ರ. ಎಲ್ಲವನ್ನೂ ಕಿತ್ತೆಸೆದು ಹೊಸದಾಗಿ ಬರೆಯೋಣ ಎಂದು ಹೊರಟರೆ ಇಂಥ ಸಾವಿರಾರು ಸಾಲುಗಳು ಸದ್ದಿಲ್ಲದೆ ಮಾಯವಾಗುತ್ತವೆ.

ದೊಡ್ಡ ವರ್ಗಾವಣೆಗಳ ಅಪಾಯ ಬರಿಯ ಊಹೆಯೇನಲ್ಲ. ಎಎಸ್/400ಕ್ಕೆ ಸಂಬಂಧಿಸಿದ್ದಲ್ಲವಾದರೂ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. 2018ರ ಏಪ್ರಿಲ್‌ನಲ್ಲಿ ಅದು ತನ್ನ ಗ್ರಾಹಕರ ಲೆಕ್ಕವನ್ನೆಲ್ಲ ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶವೇನೋ ಕ್ಷೇಮವಾಗಿ ತಲುಪಿತು. ಹೊಸ ವ್ಯವಸ್ಥೆ ಮಾತ್ರ ಹೊರೆ ತಾಳಲಿಲ್ಲ. ಲಕ್ಷಾಂತರ ಜನ ತಮ್ಮ ಹಣವನ್ನು ತಾವೇ ಮುಟ್ಟಲಾಗದೆ ಪರದಾಡಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆಗಳು ಬ್ಯಾಂಕಿಗೆ 4.865 ಕೋಟಿ ಪೌಂಡು ದಂಡ ವಿಧಿಸಿದವು.

ಎಎಸ್/400ರ ಜಾಣ ಗಿರಾಕಿಗಳು ಹಿಡಿದದ್ದು ನಿಧಾನದ ದಾರಿ. ಲೆಕ್ಕದ ನಿಯಮಗಳು ಆರ್‌ಪಿಜಿಯಲ್ಲೇ ಇರಲಿ; ಪುಟ ಮತ್ತು ನಿಯಂತ್ರಕ ಮಾತ್ರ ಹೊಸ ಭಾಷೆಗೆ ಹೋಗಲಿ. ಎರಡಕ್ಕೂ ನಡುವೆ ಎಕ್ಸ್‌ಎಂಎಲ್‌ಸರ್ವಿಸ್ ಎಂಬ ಮುಕ್ತ ತಂತ್ರಾಂಶ ದುಭಾಷಿಯಾಯಿತು. ಪಿಎಚ್‌ಪಿ ತನ್ನ ಕೋರಿಕೆಯನ್ನು ಸಾದಾ ಪಠ್ಯವಾಗಿ ಕೊಡುತ್ತದೆ. ಈ ದುಭಾಷಿ ಅದನ್ನು ಬಿಡಿಸಿ ಆರ್‌ಪಿಜಿ ಪ್ರೋಗ್ರಾಮನ್ನು ಕರೆದು, ಉತ್ತರವನ್ನು ಮತ್ತೆ ಪಠ್ಯವಾಗಿಸಿ ಹಿಂದಿರುಗಿಸುತ್ತದೆ. ದಶಮಾಂಶದ ಲೆಕ್ಕ ಬಲ್ಲವರ ಕೈಯಲ್ಲೇ ಉಳಿಯಿತು. ಈ ದುಭಾಷಿಯನ್ನು ಬರೆದದ್ದು ಯಾವ ಭಾಷೆಯಲ್ಲಿ ಎಂದು ಕೇಳಿದರೆ ಕೆಲವರು ನಗಬಹುದು: ಆರ್‌ಪಿಜಿಯಲ್ಲೇ. 2014ರಲ್ಲಿ ನೋಡ್ ಜೆಎಸ್ ಬಂದು ಜಾವಾಸ್ಕ್ರಿಪ್ಟ್ ಕೂಡ ಯಂತ್ರದ ಒಳಗೇ ಓಡತೊಡಗಿತು. ಆರ್‌ಪಿಜಿಯೂ ಸುಮ್ಮನೆ ಕೂರಲಿಲ್ಲ. 2001, 2013, 2015ರ ತಿದ್ದುಪಡಿಗಳಲ್ಲಿ ಹಂತಹಂತವಾಗಿ ಕಂಬಸಾಲುಗಳ ಕಟ್ಟುಪಾಡನ್ನು ಕಳಚಿಕೊಂಡಿತು.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋಗಿತ್ತು. 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಮರಳಿ ಬಂದು ಬೆಂಗಳೂರಿನಲ್ಲಿ ನೆಲೆಯೂರಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳು 2000ನೆಯ ಇಸವಿಯಲ್ಲಿ ತಪ್ಪು ಲೆಕ್ಕ ಕೊಟ್ಟಾವು ಎಂಬ ಭಯ ಹಬ್ಬಿದಾಗ, ಅವನ್ನು ಸಾಲುಸಾಲಾಗಿ ಓದಿ ತಿದ್ದುವ ಕೆಲಸ ದೊಡ್ಡ ಪ್ರಮಾಣದಲ್ಲಿ ಭಾರತದ ಎಂಜಿನಿಯರುಗಳ ಪಾಲಿಗೆ ಬಂತು. ಎಂದೂ ಕಾಣದ ಪರದೇಶದ ಕಂಪನಿಗಳ ಒಳಗುಟ್ಟಿನ ನಿಯಮಗಳನ್ನು ಬೆಂಗಳೂರಿನ ಹುಡುಗ ಹುಡುಗಿಯರು ಓದಿ ತಿಳಿದದ್ದು ಹೀಗೆ. ತಿದ್ದಿದ್ದು ಎರಡಂಕಿ, ಕಲಿತದ್ದು ಪೂರಾ ವ್ಯಾಪಾರ.

ಎರಡಂಕಿಯ ತೊಂದರೆ ಮುಗಿಯಿತು. ಅದರ ತಮ್ಮನಂಥ ಇನ್ನೊಂದು ತೊಂದರೆಯಲ್ಲಿ ಕನ್ನಡವೂ ಸಿಕ್ಕಿಕೊಂಡಿದೆ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನವಿತ್ತು; ಇಂದು ಐಬಿಎಂ ಐ ಯಂತ್ರದ ದತ್ತಾಂಶ ಭಂಡಾರ ಯೂನಿಕೋಡನ್ನು ಬಲ್ಲದು. ಜಾಲಪುಟದಲ್ಲಿ ಗ್ರಾಹಕ ತನ್ನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಶ್ರೀನಿವಾಸಮೂರ್ತಿ ಎಂದು ಬರೆದನೆನ್ನಿ. ಇಂಗ್ಲಿಷಿನಲ್ಲಿ ಈ ಹೆಸರಿಗೆ 15 ಅಕ್ಷರ, 15 ಬೈಟು. ಯೂನಿಕೋಡ್‌ನಲ್ಲಿ ಕನ್ನಡದ ವ್ಯಂಜನ, ಒತ್ತು, ಕಾಗುಣಿತದ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಅದೂ 15 ಸಂಕೇತಗಳೇ; ಆದರೆ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 45. ಹೆಸರಿಗೆ 30 ಸಾಕೆಂದು ಯಾರೋ ಹಿಂದೆಂದೋ ನಿಗದಿಮಾಡಿದ ಕಡತದಲ್ಲಿ ಅದು ಹಿಡಿಸುವುದಿಲ್ಲ. ಕಡತದ ಆ ಅಂಕಣವನ್ನು ಅಗಲಿಸಬೇಕು. ಅಗಲಿಸಿದೊಡನೆ, ಆ ಕಡತವನ್ನು ನೇರವಾಗಿ ತೆರೆಯುವ ಹಳೆಯ ಆರ್‌ಪಿಜಿ ಪ್ರೋಗ್ರಾಮುಗಳು ನಮೂನೆ ಹೊಂದುತ್ತಿಲ್ಲವೆಂದು ನಿಂತುಬಿಡುತ್ತವೆ. ಯಾರಾದರೂ ಒಂದೊಂದನ್ನಾಗಿ ತೆರೆದು, ಓದಿ, ಮತ್ತೆ ಸಿದ್ಧಪಡಿಸಬೇಕಾಗುತ್ತದೆ.