ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಕಾರಿನ ಎಂಜಿನ್: ಯಾವ ಆಯಿಲ್ ಸೂಕ್ತ?

ಅಮೆರಿಕ, ಯುರೋಪ್‌ಗಳಲ್ಲಿ ಹವ್ಯಾಸಿಗಳು ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟಿ ಹಾರಿಸುವುದು ಹೊಸದೇನಲ್ಲ. ವಿಮಾನದ ಎಂಜಿನ್ ದುಬಾರಿಯಾದ್ದರಿಂದ ಹಲವರು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಅನ್ನು ಮಾರ್ಪಡಿಸಿ ಬಳಸುತ್ತಾರೆ. ಅದಕ್ಕೆ ಹಾಕಬೇಕಾದದ್ದು ಕಾರಿನ ಆಯಿಲ್ಲೋ, ವಿಮಾನದ್ದೋ? ಹಾರಾಟದ ನಡುವೆ ಎಂಜಿನ್ ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸುವಂತಿಲ್ಲ. ಹಾಗಾಗಿ ಈ ಪ್ರಶ್ನೆ ಚಿಕ್ಕದಲ್ಲ. ಡಬ್ಬದ ಮೇಲಿನ ಹೆಸರಿಗಿಂತ ಎಂಜಿನ್‌ನ ರಚನೆ ಮತ್ತು ಅದಕ್ಕೆ ಹಾಕುವ ಇಂಧನವೇ ಇಲ್ಲಿ ಮುಖ್ಯ.

ಬಿಸಿ ತಡೆಯಬೇಕು

ಹೆದ್ದಾರಿಯಲ್ಲಿ ಸಾಗುವ ಕಾರು ಎಂಜಿನ್‌ನ ಶಕ್ತಿಯಲ್ಲಿ ಸ್ವಲ್ಪ ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಹಾಗಲ್ಲ. ಟೇಕಾಫ್‌ಗೆ ಪೂರ್ತಿ ಶಕ್ತಿ ಬೇಕು, ನಂತರವೂ ಗಂಟೆಗಟ್ಟಲೆ ಶೇ. 75ರ ಆಸುಪಾಸಿನಲ್ಲಿ ಓಡಬೇಕು. ಬೀಟಲ್ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಗಾಳಿಯ ಜೊತೆಗೆ ಎರಡೂವರೆ ಲೀಟರ್ ಆಯಿಲ್ಲೇ ಅದರ ಬಿಸಿ ಹೊರಬೇಕು. ತೆಳು ಆಯಿಲ್ ಬಿಸಿಗೆ ಇನ್ನಷ್ಟು ತೆಳುವಾಗಿ ಬೇರಿಂಗ್‌ಗೆ ರಕ್ಷಣೆ ಕಡಿಮೆಯಾಗುತ್ತದೆ. ಆದ್ದರಿಂದ ಬುಲೆಟ್ ಸವಾರರಿಗೂ ಗೊತ್ತಿರುವ 15ಡಬ್ಲ್ಯು-50, 20ಡಬ್ಲ್ಯು-50 ಗ್ರೇಡ್‌ಗಳು ಇಲ್ಲಿ ಹೆಚ್ಚು ಬಳಕೆಯಲ್ಲಿವೆ.

ಅಂಕಿಯ ಗೊಂದಲ ಬೇಡ

ವಿಮಾನದ ಆಯಿಲ್ ಡಬ್ಬದ ಮೇಲಿನ '100' ಎಂದರೆ ಕಾರಿನ ಲೆಕ್ಕದಲ್ಲಿ ಎಸ್‌ಎಇ 50. ಅದೇ ರೀತಿ '80' ಎಂದರೆ ಎಸ್‌ಎಇ 40.

ಇಂಧನದಲ್ಲಿ ಸೀಸವಿದೆಯೇ?

ವಿಮಾನ ನಿಲ್ದಾಣಗಳಲ್ಲಿ ಸಿಗುವ 100ಎಲ್‌ಎಲ್ ಪೆಟ್ರೋಲ್‌ನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಅದರ ಶೇಷ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ. ವಿಮಾನದ ಆಯಿಲ್‌ನಲ್ಲಿರುವ ಬೂದಿರಹಿತ ರಾಸಾಯನಿಕಗಳು ಈ ಕೊಳೆ ಒಂದೆಡೆ ಗಟ್ಟಿಯಾಗದಂತೆ ನೋಡಿಕೊಳ್ಳುತ್ತವೆ. ಪೂರ್ಣ ಸಿಂಥೆಟಿಕ್ ಆಯಿಲ್ ಸೀಸದ ವಿಷಯದಲ್ಲಿ ಸೋಲುತ್ತದೆ. ಇದೇ ಕಾರಣಕ್ಕೆ 'ಮೊಬಿಲ್ ಎವಿ-1' ಎಂಬ ವಿಮಾನದ ಆಯಿಲ್ 1990ರ ದಶಕದಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಸೀಸರಹಿತ ಪೆಟ್ರೋಲ್ ಮಾತ್ರ ಹಾಕುವವರಿಗೆ ಈ ತೊಂದರೆಯಿಲ್ಲ, ಕಾರಿನ ಒಳ್ಳೆಯ ಆಯಿಲ್ ಸಾಕು.

ಸತುವಿನ ಲೆಕ್ಕ

ಬೀಟಲ್ ಎಂಜಿನ್‌ನಲ್ಲಿ ಚಪ್ಪಟೆ ಟ್ಯಾಪೆಟ್‌ಗಳು ಕ್ಯಾಮ್‌ಶಾಫ್ಟ್‌ಗೆ ಉಜ್ಜುತ್ತಲೇ ಇರುತ್ತವೆ. ಈ ಸವೆತ ತಡೆಯುವುದು ಸತು ಮತ್ತು ರಂಜಕ ಸೇರಿದ ರಾಸಾಯನಿಕ. ಇಂದಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕಕ್ಕೆ ಶೇ. 0.08ರ ಮಿತಿ ಹಾಕಲಾಗಿದೆ. ಹಳೆಯ ವಿನ್ಯಾಸದ ಎಂಜಿನ್‌ಗೆ ಇದು ಸಾಲದೇ ಹೋಗಬಹುದು. ಇತ್ತ ಬೂದಿರಹಿತ ವಿಮಾನದ ಆಯಿಲ್‌ನಲ್ಲಿ ಸತುವೇ ಇರುವುದಿಲ್ಲ. ಅಂದರೆ ಒಂದು ಲಾಭಕ್ಕಾಗಿ ಇನ್ನೊಂದನ್ನು ಬಿಡಬೇಕು. ಹೀಗಾಗಿ ಎಂಜಿನ್ ಮಾರ್ಪಡಿಸಿದ ಕಂಪನಿಯ ಕೈಪಿಡಿ ಹೇಳಿದ್ದೇ ಅಂತಿಮ.

ಹಾಕಿದ ಮೇಲೂ ಗಮನ ಬೇಕು

* ಆಯಿಲ್‌ನ ಬಿಸಿ ಮತ್ತು ಒತ್ತಡ ತೋರಿಸುವ ಮೀಟರ್ ಇರಲೇಬೇಕು. ಬಿಸಿ ತೀರಾ ಕಡಿಮೆಯಿದ್ದರೂ ನೀರಿನಂಶ ಆವಿಯಾಗದೆ ತುಕ್ಕು ಹಿಡಿಯುತ್ತದೆ.
* ಮೂಲ ಬೀಟಲ್ ಎಂಜಿನ್‌ನಲ್ಲಿ ಇದ್ದದ್ದು ಜಾಲರಿ ಮಾತ್ರ. ಫಿಲ್ಟರ್ ಅಳವಡಿಸಿದ್ದರೆ ಬದಲಿಸುವಾಗ ಹಳೆಯದನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ನೋಡಬೇಕು.
* ಸೀಸದ ಇಂಧನ ಬಳಸುವವರು ಆಯಿಲ್ ಅನ್ನು ಬೇಗ ಬೇಗ ಬದಲಿಸುವುದು ಕ್ಷೇಮ. ಫಿಲ್ಟರ್ ಇಲ್ಲದ ಎಂಜಿನ್‌ಗೆ ಸಾಮಾನ್ಯವಾಗಿ 25 ಗಂಟೆಗಳ ಹಾರಾಟಕ್ಕೊಮ್ಮೆ ಬದಲಿಸುತ್ತಾರೆ.

ಹೊಸ ಎಂಜಿನ್‌ನ ಬೆಲೆಗೆ ಹೋಲಿಸಿದರೆ ಕೆಲವು ಲೀಟರ್ ಆಯಿಲ್‌ನ ಖರ್ಚು ಏನೇನೂ ಅಲ್ಲ.