ನಲವತ್ತು ದಾಟಿದ ಓಟಗಾರ್ತಿಯರು

ದೂರದ ಓಟ ಹೆಂಗಸರ ಮೈಗೆ ಒಗ್ಗುವುದಿಲ್ಲವೆಂಬ ಮಾತನ್ನು ನನ್ನ ಸೇವಾವಧಿಯುದ್ದಕ್ಕೂ ಕೇಳುತ್ತ ಬಂದವಳು ನಾನು. ಕ್ರೀಡಾದಿನದಂದು ಹುಡುಗರಿಗೆ 1500 ಮೀಟರ್ ಓಟವಿದ್ದರೆ, ಹುಡುಗಿಯರಿಗೆ ನೂರು ಮೀಟರ್, ಚಮಚ ಕಚ್ಚಿಕೊಂಡು ನಿಂಬೆಹಣ್ಣಿನ ಓಟ, ಸಂಗೀತ ಕುರ್ಚಿ. ಇದನ್ನೋದುವ ನನ್ನ ವಿದ್ಯಾರ್ಥಿನಿಯರಿಗೆ ಅದು ನೆನಪಿದ್ದೀತು. ಆದರೆ ಈ ನಂಬಿಕೆ ನಮ್ಮೂರಿನದು ಮಾತ್ರವಲ್ಲ, ಅದಕ್ಕೊಂದು ಚರಿತ್ರೆಯಿದೆ.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿ 800 ಮೀಟರ್ ಓಟವನ್ನಿಟ್ಟರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದರು. ಅಂತಿಮ ಓಟದಲ್ಲಿದ್ದ ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಆದರೂ ಪತ್ರಿಕೆಗಳು ಓಡಿದವರೆಲ್ಲ ಕುಸಿದು ಬಿದ್ದರೆಂಬಂತೆ ಬರೆದವು. ಓಡಿ ದಣಿದ ಗಂಡಸರು ನೆಲದ ಮೇಲೆ ಕುಳಿತರೆ ಅದು ಪರಾಕ್ರಮ, ಹೆಂಗಸರು ಕುಳಿತರೆ ಅನಾಹುತ! ಆ ಬಳಿಕ 1960ರ ರೋಮ್ ಕೂಟದವರೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 200 ಮೀಟರಿಗಿಂತ ದೀರ್ಘವಾದ ಓಟವೇ ಇರಲಿಲ್ಲ. ಒಂದಿಡೀ ತಲೆಮಾರಿನ ಹರೆಯ ಹೀಗೆ ಕಳೆದುಹೋಯಿತು.

ಬಾಸ್ಟನ್ ಮ್ಯಾರಥಾನಿನ ಕಥೆ ಹಲವರಿಗೆ ಗೊತ್ತು. 1966ರಲ್ಲಿ ಬಾಬಿ ಗಿಬ್ ಪೊದೆಯಲ್ಲಿ ಅಡಗಿದ್ದು ಓಟಗಾರರ ನಡುವೆ ಸೇರಿಕೊಂಡರು. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ದಾರಿಯ ಮಧ್ಯದಲ್ಲೇ ಹಿಡಿದೆಳೆಯಲು ಯತ್ನಿಸಿದರು. ಅಧಿಕೃತ ಅನುಮತಿ ಸಿಕ್ಕಿದ್ದು 1972ರಲ್ಲಿ. ಆ ವರ್ಷ ಎಂಟು ಮಹಿಳೆಯರು ಹೊರಟರು, ಎಂಟೂ ಮಂದಿ ಮುಗಿಸಿದರು. ಗೆದ್ದ ನೀನಾ ಕುಸ್ಸಿಕ್ ಮೂರು ಮಕ್ಕಳ ತಾಯಿ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಅಧ್ಯಾಯ. ಬಾಗಿಲು ತೆರೆದಾಗ ಒಳಬಂದವರು ಎಳೆಯ ಹುಡುಗಿಯರು ಮಾತ್ರವಲ್ಲ. ಅದು ಮುಚ್ಚಿದ್ದಷ್ಟು ಕಾಲವೂ ಹೊರಗೆ ಬೆಳೆದವರೂ ಬಂದರು. ಜಪಾನಿ ಮೂಲದ ಮಿಕಿ ಗೋರ್ಮನ್ ಅಮೆರಿಕದಲ್ಲಿ ಓಡತೊಡಗಿದ್ದು ಮೂವತ್ತು ದಾಟಿದ ಮೇಲೆ. ತೀರ ಸಣಕಲಾಗಿದ್ದ ಅವರಿಗೆ ವ್ಯಾಯಾಮದಿಂದ ಹಸಿವು ಹೆಚ್ಚಿ ಮೈ ತುಂಬಿಕೊಳ್ಳಲೆಂದು ಪತಿ ಹೇಳಿದ್ದರಂತೆ. ಅದೇ ಮಿಕಿ, 1975ರಲ್ಲಿ ಮಗಳನ್ನು ಹೆತ್ತು, 1976ರಲ್ಲಿ ತಮ್ಮ 41ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್ ಮ್ಯಾರಥಾನನ್ನು ಗೆದ್ದರು. ಮರುವರ್ಷ ಬಾಸ್ಟನ್ನನ್ನೂ ನ್ಯೂಯಾರ್ಕನ್ನೂ ಗೆದ್ದರು.

ಇವರೆಲ್ಲರಲ್ಲಿ ನನಗೆ ಹತ್ತಿರವೆನಿಸುವವರು ಸಿಸ್ಟರ್ ಮೇರಿಯನ್ ಅರ್ವಿನ್. ನನ್ನದೇ ವೃತ್ತಿಯವರೆಂಬ ಪಕ್ಷಪಾತವೂ ಇದ್ದೀತು! ಕ್ಯಾಲಿಫೋರ್ನಿಯಾದ ಕ್ರೈಸ್ತ ಸನ್ಯಾಸಿನಿ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ದಿನಕ್ಕೆರಡು ಪ್ಯಾಕೆಟ್ ಸಿಗರೇಟು ಸೇದುತ್ತಿದ್ದವರು. ಓಡಲಾರಂಭಿಸಿದ್ದು 48ನೆಯ ವಯಸ್ಸಿನಲ್ಲಿ, ಬಂಧುವೊಬ್ಬರ ಒತ್ತಾಯಕ್ಕೆ. 1983ರಲ್ಲಿ, 54ನೆಯ ವಯಸ್ಸಿನಲ್ಲಿ, 2 ಗಂಟೆ 51 ನಿಮಿಷ 1 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿ ಅಮೆರಿಕದ ಒಲಿಂಪಿಕ್ ಆಯ್ಕೆ ಓಟಕ್ಕೆ ಅರ್ಹತೆ ಪಡೆದರು. ಆ ವಯಸ್ಸಿನಲ್ಲಿ ನಾವು ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಕುಳಿತು ಮಂಡಿನೋವಿಗೆ ಯಾವ ತೈಲ ಒಳ್ಳೆಯದೆಂದು ಚರ್ಚಿಸುತ್ತಿದ್ದೆವು. ಅರ್ವಿನ್ ಅವರ ದೇಹದಲ್ಲಿ ಆ ಶಕ್ತಿ ನಲವತ್ತೆಂಟು ವರ್ಷ ಅವರಿಗೇ ತಿಳಿಯದೆ ಇತ್ತಲ್ಲ ಎಂದು ಯೋಚಿಸಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಂಕಟವಾಗುತ್ತದೆ. ನನ್ನ ತರಗತಿಗಳಲ್ಲಿ ಕುಳಿತಿದ್ದ ಎಷ್ಟು ಹುಡುಗಿಯರಲ್ಲಿ ಏನೇನಿತ್ತೋ, ನಿಂಬೆಹಣ್ಣಿನ ಓಟದಲ್ಲಿ ಅದು ಹೇಗೆ ಗೊತ್ತಾಗಬೇಕು?

ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ನಮ್ಮ ಪತ್ರಿಕೆಗಳ ತುಂಬ ಆಗ ಪಿ.ಟಿ. ಉಷಾ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕೈತಪ್ಪಿದ ಅವರ ಕಂಚಿನ ಪದಕ. ಅದೇ ಕೂಟದ ಮ್ಯಾರಥಾನಿನಲ್ಲಿ ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು. ಹನ್ನೊಂದನೆಯವರಾಗಿ ಬಂದವರು ಇಂಗ್ಲೆಂಡಿನ ಜಾಯ್ಸ್ ಸ್ಮಿತ್. 1981ರ ಮೊದಲ ಲಂಡನ್ ಮ್ಯಾರಥಾನನ್ನು 43ರಲ್ಲಿ ಗೆದ್ದು, ಮರುವರ್ಷ ಇನ್ನೂ 14 ಸೆಕೆಂಡು ಬೇಗ ಓಡಿ ಮತ್ತೆ ಗೆದ್ದಿದ್ದವರು. ಎರಡು ಮಕ್ಕಳ ತಾಯಿಯಾದ ಅವರಿಗೆ ಆ ಒಲಿಂಪಿಕ್ಸ್ ವೇಳೆಗೆ ವಯಸ್ಸು 46.