ಹದಿನಾಲ್ಕು ದಿನಗಳ ನಿಯಮ

ಗೆಳತಿಯರೇ, 'ಸಂಸ್ಕಾರ' ಚಿತ್ರದ ಚಂದ್ರಿಯನ್ನು ನೆನೆದಾಗಲೆಲ್ಲ ನನಗೆ ಸಂವಿಧಾನದ 352ನೇ ವಿಧಿಯೂ ನೆನಪಾಗುತ್ತದೆ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಜೈಲಿನಲ್ಲಿಟ್ಟಿದ್ದರು. ಆಸ್ತಮಾದಿಂದ ನರಳಿದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

1975ರ ಜೂನ್ 25ರ ರಾತ್ರಿ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಸಚಿವ ಸಂಪುಟಕ್ಕೆ ತಿಳಿಸಿದ್ದು ಮರುದಿನ ಬೆಳಿಗ್ಗೆ. ಎರಡು ತಿಂಗಳೊಳಗೆ ಸಂಸತ್ತು ಒಪ್ಪಬೇಕೆಂಬ ನಿಯಮವೇನೋ ಇತ್ತು. ಆದರೆ ಸಾಮಾನ್ಯ ಬಹುಮತದಿಂದ ಒಮ್ಮೆ ಒಪ್ಪಿಬಿಟ್ಟರೆ ಮತ್ತೆ ಸಂಸತ್ತನ್ನು ಕೇಳಬೇಕೆಂಬ ಗಡುವೇ ಇರಲಿಲ್ಲ. ಅದು 1977ರ ಮಾರ್ಚ್ 21ರವರೆಗೂ ನಡೆಯಿತು.

1978ರ 44ನೇ ತಿದ್ದುಪಡಿ ಇದನ್ನು ಬದಲಿಸಿತು. ಈಗ ಸಂಪುಟದ ತೀರ್ಮಾನ ಲಿಖಿತವಾಗಿರಬೇಕು. ಒಂದು ತಿಂಗಳೊಳಗೆ ಎರಡೂ ಸದನಗಳು ಒಪ್ಪಬೇಕು. ಅದಕ್ಕೆ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲವೂ ಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಅದೇ ಪರೀಕ್ಷೆ. ನಡುವೆ ಲೋಕಸಭೆಯ ಹತ್ತನೇ ಒಂದು ಭಾಗದ ಸದಸ್ಯರು ಬರೆದು ಕೊಟ್ಟರೆ 14 ದಿನಗಳೊಳಗೆ ವಿಶೇಷ ಸಭೆ ಸೇರಲೇಬೇಕು. ತುರ್ತು ಪರಿಸ್ಥಿತಿ ಬೇಡವೆನ್ನಲು ಅಲ್ಲಿ ಸಾಮಾನ್ಯ ಬಹುಮತವೇ ಸಾಕು.

ಹೇರುವುದು ಕಷ್ಟವಾಗಲಿ, ತೆಗೆಯುವುದು ಸುಲಭವಾಗಲಿ ಎಂಬುದೇ ಇದರ ಉದ್ದೇಶವೆಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ಮಕ್ಕಳು ಪೌರನೀತಿ ಓದುವಾಗ ಈ 14 ದಿನಗಳ ನಿಯಮವನ್ನು ನೀವೂ ಅವರೊಂದಿಗೆ ಕುಳಿತು ಓದಿ.